ಪಡುಕೋಣೆ ಅಂದ್ರೆ ಒಂದು ಊರು

ದೀಪಿಕಾ ಪಡುಕೋಣೆ ಅಂದ ಕೂಡಲೇ ನಿಮ್ಮ ಕಣ್ಣಮುಂದೆ ಏನು ಬರುತ್ತೋ ನನಗೆ ಗೊತ್ತಿಲ್ಲ. ಊರಂತೂ ಬರಲ್ಲ. ಒಂದು ಮಧ್ಯಾಹ್ನ ಆಫೀಸಿನ ಕ್ಯಾಂಟೀನಲ್ಲಿ ಊಟ ಮಾಡ್ತಾ ಸುಮ್ಮನೆ ಕೇಳಿದೆ, ‘ಪಡುಕೋಣೆ ಅಂದ್ರೇನು?’ ಅಂತ. ಒಬ್ಬ ‘ಮನೆತನದ ಹೆಸರು’ ಅಂದ. ಇನ್ನೊಬ್ಬ ‘ಬ್ಯಾಡ್ಮಿಂಟನ್ ಅಕಾಡೆಮಿ’ ಅಂದ. ಕುಂದಾಪುರದ ಹುಡುಗಿ ಒಬ್ಬಳು ಮಾತ್ರ ಮೊಸರನ್ನ ಕಲಸೋದು ನಿಲ್ಲಿಸಿ, ‘ಅದು ನಮ್ ಬದಿ ಊರು ಮಾರಾಯ’ ಅಂದಳು.

ಹೌದು, ಪಡುಕೋಣೆ ಒಂದು ಊರು. ಕುಂದಾಪುರ ದಾಟಿ ಬೈಂದೂರಿನ ಕಡೆ ಹೊರಟರೆ ಮರವಂತೆ ಸಿಗುತ್ತಲ್ಲ, ರಸ್ತೆಯ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ಹೊಳೆ, ಎಲ್ಲರೂ ಕಾರು ನಿಲ್ಲಿಸಿ ಸೆಲ್ಫಿ ತಗೊಳ್ಳೋ ಜಾಗ. ಆ ಹೊಳೆ ಕಡಲ ಬಾಗಿಲ ತನಕ ಬಂದು, ಒಳಗೆ ಹೋಗದೆ ತಿರುಗಿ, ಗಂಗೊಳ್ಳಿಯ ಹತ್ತಿರ ಹೋಗಿ ಸಮುದ್ರ ಸೇರುತ್ತೆ. ನೀವು ಸೆಲ್ಫಿಗೆ ಅಂತ ಕಡಲ ಕಡೆ ಮುಖ ಮಾಡಿದಾಗ ಬೆನ್ನ ಹಿಂದೆ ಹೊಳೆಯ ಆಚೆ ದಡದಲ್ಲಿ ತೆಂಗಿನ ತೋಟಗಳು ಕಾಣ್ತವೆ. ಪಡುಕೋಣೆ ಇರೋದು ಆ ಕಡೆ. ‘ಪಡು’ ಅಂದ್ರೆ ಪಶ್ಚಿಮ. ಮೂಡುಬಿದಿರೆಗೆ ಒಂದು ಪಡುಬಿದ್ರಿ ಇದೆಯಲ್ಲ, ಹಾಗೆ. ಕರಾವಳಿಯಲ್ಲಿ ಊರಿಗೆ ಹೆಸರಿಡುವಾಗಲೇ ದಿಕ್ಕು ಹೇಳಿಬಿಡ್ತಾರೆ, ಜಿಪಿಎಸ್ ಬೇಕಿಲ್ಲ.

ಈ ಪುಟ್ಟ ಊರಿನ ಹೆಸರು ಹೋಗಿ ತಲುಪಿದ ಜಾಗಗಳನ್ನ ನೋಡಿ. 1980ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು ಸೋಲಿಸಿ, ಆಲ್ ಇಂಗ್ಲೆಂಡ್ ಗೆದ್ದ ಮೊದಲ ಭಾರತೀಯ ಪ್ರಕಾಶ್ ಪಡುಕೋಣೆ. ಅವರ ಮಗಳು ದೀಪಿಕಾ. ‘ಪ್ಯಾಸಾ’ ಮಾಡಿದ ಗುರುದತ್ ಇದ್ದಾರಲ್ಲ, ಅವರ ಪೂರ್ತಿ ಹೆಸರು ವಸಂತಕುಮಾರ್ ಶಿವಶಂಕರ್ ಪಡುಕೋಣೆ. ಬಾಲ್ಯದ ಕೆಲವು ವರ್ಷ ಕಲ್ಕತ್ತೆಯಲ್ಲಿ ಕಳೆದಿದ್ದಕ್ಕೂ, ಹೆಸರಲ್ಲಿ ‘ದತ್’ ಇದ್ದಿದ್ದಕ್ಕೂ ಜನ ಅವರನ್ನ ಬಂಗಾಳಿ ಅಂದುಕೊಂಡಿದ್ದರು. ಇವತ್ತಿಗೂ ಅಂದುಕೊಳ್ಳೋರು ಇದ್ದಾರೆ. ನಮ್ಮ ಕನ್ನಡದಲ್ಲೇ ಹಾಸ್ಯ ಬರೆದ ಪಡುಕೋಣೆ ರಮಾನಂದರಾಯರಿದ್ದಾರೆ.

ಈಗ ಒಂದು ಸಣ್ಣ ಕ್ವೆರಿ ಓಡಿಸೋಣ. ಇವರೆಲ್ಲ ಹುಟ್ಟಿದ್ದೆಲ್ಲಿ? ಗುರುದತ್ 1925ರಲ್ಲಿ ಬೆಂಗಳೂರಿನಲ್ಲಿ. ಪ್ರಕಾಶ್ 1955ರಲ್ಲಿ, ಅವರೂ ಬೆಂಗಳೂರಿನಲ್ಲೇ. ದೀಪಿಕಾ 1986ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. ಪಡುಕೋಣೆಯನ್ನ ಜಗತ್ತಿಗೆಲ್ಲ ಹೊತ್ತು ತಿರುಗಿದ ಈ ಮೂವರಲ್ಲಿ ಒಬ್ಬರೂ ಪಡುಕೋಣೆಯಲ್ಲಿ ಹುಟ್ಟಿದವರಲ್ಲ.

ಎರಡು ವರ್ಷದ ಹಿಂದೆ ಕೊಲ್ಲೂರಿಗೆ ಹೋಗಿ ಬರುವಾಗ ಹೆಂಡತಿಯನ್ನ ಒಪ್ಪಿಸಿ ಆ ಕಡೆ ಕಾರು ತಿರುಗಿಸಿದೆ. ನೋಡೋಕೆ ಅಂತ ವಿಶೇಷ ಏನೂ ಇರಲಿಲ್ಲ. ಕೆಂಪು ಮಣ್ಣು, ಹೆಂಚಿನ ಮನೆಗಳು, ತೆಂಗು, ಹೊಳೆಯಿಂದ ಬರೋ ಉಪ್ಪು ಗಾಳಿ. ಒಂದು ಅಂಗಡಿಯಲ್ಲಿ ಸೋಡಾ ಕುಡೀತಾ, ‘ಇಲ್ಲಿ ಪಡುಕೋಣೆ ಅನ್ನೋರ ಮನೆ ಯಾವುದು?’ ಅಂತ ಕೇಳಿದೆ. ಅಂಗಡಿಯವರು ನನ್ನನ್ನ ಮೇಲಿಂದ ಕೆಳಗೆ ನೋಡಿ, ‘ಇಲ್ಲಿಪ್ಪರೆಲ್ಲ ಪಡುಕೋಣೆಯರೇ ಅಲ್ದಾ ಮಾರಾಯ್ರೆ. ನಿಮ್ಗೆ ಯಾರ್ ಮನೆ ಬೇಕಿತ್ತು?’ ಅಂದರು.

ಊರಲ್ಲಿ ಇರೋರಿಗೆ ಊರ ಹೆಸರು ಬೇಕಾಗಿಲ್ಲ. ಅದು ಬೇಕಾಗೋದು ಊರು ಬಿಟ್ಟವರಿಗೆ. ನಮ್ಮೂರಲ್ಲಿ ನಮ್ಮ ಮನೆಗೆ ‘ಕೆರೆ ಮೇಲ್ನೋರು’ ಅಂತಾರೆ, ಅಪ್ಪನನ್ನ ಕರೆಯೋದು ‘ಕೆರೆ ಮೇಲ್ಗಡೆ ನಂಜಪ್ಪನ ಮಗ’ ಅಂತ. ಇಂಜಿನಿಯರಿಂಗ್ ಹಾಸ್ಟೆಲ್ಲಿಗೆ ಬಂದ ದಿನ ನಾನು ‘ಹೊಸಹಳ್ಳಿ’ ಆದೆ. ಪಕ್ಕದ ರೂಮಿನವನು ‘ಚಿಂತಾಮಣಿ’, ಅದರಾಚೆ ‘ರೋಣ’. ನಾಲ್ಕು ವರ್ಷ ನಮ್ಮ ನಿಜವಾದ ಹೆಸರು ಹಾಲ್ ಟಿಕೆಟ್ಟಿನಲ್ಲಿ ಮಾತ್ರ ಇತ್ತು.

ಪಡುಕೋಣೆಯವರ ಕತೆಯೂ ಹೆಚ್ಚುಕಡಿಮೆ ಇದೇ, ಸ್ವಲ್ಪ ದೊಡ್ಡ ಹಾಸ್ಟೆಲ್ಲು ಅಷ್ಟೇ. ಇವರು ಚಿತ್ರಾಪುರ ಸಾರಸ್ವತರು, ಮನೆಮಾತು ಕೊಂಕಣಿ. ಕರಾವಳಿಯ ಊರೂರಲ್ಲಿ ಶಾನುಭೋಗಿಕೆ, ಲೆಕ್ಕಪತ್ರ ನೋಡಿಕೊಂಡಿದ್ದ ಈ ಚಿಕ್ಕ ಸಮುದಾಯ ಇಂಗ್ಲಿಷ್ ಕಲಿತು ಬೊಂಬಾಯಿ, ಮದ್ರಾಸು, ಬೆಂಗಳೂರು ಸೇರಿತು. 1906ರಲ್ಲಿ ಬೊಂಬಾಯಿಯಲ್ಲಿ ಶಾಮರಾವ್ ವಿಠಲ್ ಸಹಕಾರಿ ಸಂಘ ಕಟ್ಟಿಕೊಂಡರು. 1915ರಲ್ಲಿ ಗಾಮದೇವಿಯಲ್ಲಿ ಸಹಕಾರಿ ಹೌಸಿಂಗ್ ಸೊಸೈಟಿ ಮಾಡಿದರು. ಒಂದೇ ವಠಾರದಲ್ಲಿ ಹತ್ತು ಜನ ರಾಯರಿದ್ದರೆ ಯಾವ ರಾಯರು ಅಂತ ಗುರುತಿಸಬೇಕಲ್ಲ? ಹೊಸ ನಗರದಲ್ಲಿ ಹಳೇ ಊರ ಹೆಸರು ಗುರುತಿಗೆ ಬಂತು.

ಹಾಗಾಗಿ ಇವರ ಹೆಸರುಗಳನ್ನ ಸಾಲಾಗಿ ಓದಿದರೆ ಕರಾವಳಿಯ ಬಸ್ಸಿನ ಬೋರ್ಡ್ ಓದಿದ ಹಾಗಾಗುತ್ತೆ: ಬಸ್ರೂರು, ಕುಂದಾಪುರ, ಗಂಗೊಳ್ಳಿ, ಭಟ್ಕಳ, ಉಳ್ಳಾಲ, ಮಂಜೇಶ್ವರ. ಕಾರ್ನಾಡು ಮೂಲ್ಕಿಯ ಪಕ್ಕದ ಊರು. ಗಿರೀಶ್ ಕಾರ್ನಾಡರು ಹುಟ್ಟಿದ್ದು ಮಾತ್ರ 1938ರಲ್ಲಿ ಮಹಾರಾಷ್ಟ್ರದ ಮಾಥೇರಾನ್‌ನಲ್ಲಿ. ಬೆನಗಲ್ ಅನ್ನೋ ಊರ ಹೆಸರು ಹೊತ್ತ ಶ್ಯಾಮ್ ಬೆನಗಲ್ ಹುಟ್ಟಿದ್ದು 1934ರಲ್ಲಿ, ಹೈದರಾಬಾದಿನಲ್ಲಿ. ಬೆಂಗಳೂರಿನ ದುಬಾರಿ ಏರಿಯಾ ಸದಾಶಿವನಗರ ಇದೆಯಲ್ಲ, ಅದು ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡ್ ಸದಾಶಿವರಾಯರ ಹೆಸರು. ಮಂಗಳೂರಿನ ಕೆ.ಎಸ್. ರಾವ್ ರಸ್ತೆಯೂ ಅವರದ್ದೇ. ಆ ‘ಕೆ’ ಒಳಗೆ ಒಂದು ಕಾರ್ನಾಡು ಕೂತಿದೆ, ರಸ್ತೆಯಲ್ಲಿ ಓಡಾಡೋರಿಗೆ ಕಾಣಲ್ಲ.

ನನಗೆ ಬಹಳ ಇಷ್ಟವಾಗಿದ್ದು ನೀಲೇಕಣಿಯವರ ವಿಷಯ. ನೀಲೇಕಣಿ ಇರೋದು ಶಿರಸಿಯಲ್ಲಿ. 2009ರಲ್ಲಿ ನಂದನ್ ನೀಲೇಕಣಿ ಆಧಾರ್ ಪ್ರಾಧಿಕಾರದ ಮೊದಲ ಅಧ್ಯಕ್ಷರಾದರು. ಊರನ್ನೇ ಸರ್‌ನೇಮ್ ಮಾಡಿಕೊಂಡ ಮನೆತನದವರು ನೇತೃತ್ವ ವಹಿಸಿದ ಆ ಆಧಾರ್ ಕಾರ್ಡಿನಲ್ಲಿ ಸರ್‌ನೇಮ್ ಅನ್ನೋ ಬೇರೆ ಕಾಲಮ್ಮೇ ಇಲ್ಲ. ಹೆಸರು ಅಂತ ಒಂದೇ ಫೀಲ್ಡು. ನಮ್ಮ ದೇಶದಲ್ಲಿ ಒಂದೇ ಹೆಸರಿನವರು, ಇನಿಷಿಯಲ್ಲಿನವರು, ಅಪ್ಪನ ಹೆಸರಿನವರು, ಊರಿನ ಹೆಸರಿನವರು ಎಲ್ಲರೂ ಇದ್ದಾರೆ ಅಂತ ಒಪ್ಪಿಕೊಂಡ ಡಿಸೈನು ಅದು. ಡೇಟಾಬೇಸ್ ಕೆಲಸ ಮಾಡೋನಾಗಿ ನಾನು ಅದಕ್ಕೆ ಕೈ ಮುಗೀತೀನಿ. ಪ್ಯಾಟ್ರಿಕ್ ಮೆಕೆಂಜಿ ಅನ್ನೋ ಪ್ರೋಗ್ರಾಮರ್ 2010ರಲ್ಲಿ, ಹೆಸರುಗಳ ಬಗ್ಗೆ ನಮ್ಮಂಥೋರು ನಂಬಿಕೊಂಡಿರೋ ಸುಳ್ಳುಗಳನ್ನ ಪಟ್ಟಿ ಮಾಡಿದ್ದ. ಓದಿಲ್ಲದಿದ್ದರೆ ಓದಿ. ಎಲ್ಲರಿಗೂ ಸರ್‌ನೇಮ್ ಇರುತ್ತೆ ಅನ್ನೋದು ಅಂಥದ್ದೇ ಒಂದು ನಂಬಿಕೆ.

ನನಗಿಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ. ಹಿಂದೊಮ್ಮೆ ಅಮೆರಿಕಕ್ಕೆ ಪ್ರಾಜೆಕ್ಟ್ ಮೇಲೆ ಹೋದಾಗ ವೀಸಾದಲ್ಲಿ ಅಪ್ಪ-ಅವ್ವ ಇಟ್ಟ ಹೆಸರು ಸರ್‌ನೇಮಿನ ಜಾಗಕ್ಕೆ ಹೋಗಿ, ಫಸ್ಟ್ ನೇಮಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಬಂತು. ಫಸ್ಟ್ ನೇಮ್ ಅನ್‌ನೋನ್. ಬ್ಯಾಡ್ಜಿನಲ್ಲೂ ಅದೇ ಪ್ರಿಂಟಾಗಿ, ಮೂರು ತಿಂಗಳು ಅಲ್ಲಿಯ ಕ್ಯಾಂಟೀನಿನವರು ನನ್ನನ್ನ ‘ಮಿಸ್ಟರ್ ಫ್ನೂ’ ಅಂದರು. ತಮಾಷೆಯಾಗೇ ಇತ್ತು. ಆದರೆ 2022ರ ನವೆಂಬರಿನಿಂದ ದುಬೈ ಕಡೆಯವರು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ವಿಸಿಟ್ ವೀಸಾ ಇಲ್ಲ ಅಂದಮೇಲೆ ಅದು ತಮಾಷೆ ಅನ್ನಿಸಲಿಲ್ಲ. ಮಗಳಿಗೆ ನಾಲ್ಕು ವರ್ಷ. ಅವಳ ಪಾಸ್‌ಪೋರ್ಟ್ ಅರ್ಜಿ ತೆರೆದು ಕೂತಾಗ ಆ ಖಾಲಿ ಕಾಲಂ ನಮ್ಮಿಬ್ಬರನ್ನೂ ಮೂರು ವಾರ ನಿಲ್ಲಿಸಿಬಿಡ್ತು.

ಅಪ್ಪ ಫೋನಲ್ಲಿ ಒಂದೇ ಮಾತಲ್ಲಿ ಮುಗಿಸಿದರು. ‘ಗೌಡ ಅಂತ ಹಾಕು. ನಿನ್ನ ಅಣ್ಣತಮ್ಮಂದಿರ ಮಕ್ಕಳಿಗೆಲ್ಲ ಅದೇ ಇರೋದು.’ ಅದು ನಿಜ. ನನ್ನ ತಲೆಮಾರಿಗೆ ಊರಿನ ಇನಿಷಿಯಲ್ಲು, ಅಪ್ಪನ ಇನಿಷಿಯಲ್ಲು ಇತ್ತು. ಮುಂದಿನ ತಲೆಮಾರು ಸಿಟಿಯ ಸ್ಕೂಲಿಗೆ ಸೇರುವಾಗ ಎರಡೂ ಬಿದ್ದುಹೋಗಿ ಜಾತಿ ಬಂದು ಕೂತಿದೆ. ಹೆಚ್ಚು ಓದಿದ ಹಾಗೆ ಹೆಸರಲ್ಲಿ ಜಾತಿ ಕಡಿಮೆಯಾಗುತ್ತೆ ಅಂದುಕೊಂಡಿದ್ದೆವು. ನಮ್ಮ ಲೇಔಟಿನ ಪ್ಲೇಸ್ಕೂಲಿನ ಅಟೆಂಡೆನ್ಸ್ ನೋಡಿದರೆ ಹಾಗೇನೂ ಕಾಣಲ್ಲ.

‘ನಿನ್ನ ಹೆಸರನ್ನೇ ಹಾಕೋಣ’ ಅಂದಳು ಹೆಂಡತಿ. ‘ಯಾಕೆ, ನಿನ್ನ ಹೆಸರು ಯಾಕಾಗಬಾರದು?’ ಅಂದೆ. ಒಂದು ವಾರ ಅದರಲ್ಲೇ ಹೋಯಿತು. ಕೊನೆಗೆ ಉಳಿದಿದ್ದು ಊರು. ಹೊಸಹಳ್ಳಿ.

ಪಡುಕೋಣೆಗಿರೋ ಗತ್ತು ಹೊಸಹಳ್ಳಿಗಿಲ್ಲ. ಪಡುಕೋಣೆ ಅಂದರೆ ನಕಾಶೆಯಲ್ಲಿ ಬೆರಳಿಡಬಹುದು. ಹೊಸಹಳ್ಳಿ ಅಂದರೆ ಯಾವ ಹೊಸಹಳ್ಳಿ? ಮಂಡ್ಯ, ಮೈಸೂರು, ಹಾಸನ, ತುಮಕೂರು, ಯಾವ ತಾಲ್ಲೂಕಿಗೆ ಹೋದರೂ ಒಂದು ಹೊಸಹಳ್ಳಿ ಸಿಗುತ್ತೆ. ಯಾವ ಕಾಲದಲ್ಲೋ ಹಳೇ ಊರು ಬಿಟ್ಟು ನಾಲ್ಕು ಮನೆಯವರು ಬಂದು ಗುಡಿಸಲು ಹಾಕಿದರು, ಹೆಸರಿಡೋಕೂ ಪುರುಸೊತ್ತಿರಲಿಲ್ಲ, ‘ಹೊಸ ಹಳ್ಳಿ’ ಅಂದರು. ಅಲ್ಲಿಗೆ ನಾವೂ ವಲಸೆ ಬಂದವರೇ. ನಮ್ಮದು ಅದರಲ್ಲಿ ಯಾವುದು ಅನ್ನೋದು ಇಲ್ಲಿ ಬೇಡ. ಯಾಕೆ ಬೇಡ ಅನ್ನೋದು ಮುಂದೆ ನಿಮಗೇ ಗೊತ್ತಾಗುತ್ತೆ.

ನಮ್ಮೂರಿನವನೇ ಒಬ್ಬ ಗೆಳೆಯ ಇದ್ದಾನೆ. ಒಂದೇ ಪ್ರೈಮರಿ ಸ್ಕೂಲು, ಒಂದೇ ಬೆಂಚು. ಅವನ ಮನೆ ಊರಾಚೆ, ಕಾಲೋನಿಯಲ್ಲಿ. ನಮ್ಮ ಮನೆಗೆ ಬಂದರೆ ಜಗಲಿಯ ತನಕ ಬರ್ತಿದ್ದ, ನಡುಮನೆಗೆ ಬರ್ತಿರಲಿಲ್ಲ. ಯಾರೂ ಬರಬೇಡ ಅಂದಿದ್ದು ನಾನು ಕೇಳಿಲ್ಲ. ಹೇಳೋ ಅಗತ್ಯವೇ ಇಲ್ಲದಷ್ಟು ಅದು ಎಲ್ಲರಿಗೂ ಗೊತ್ತಿತ್ತು. ಅವ್ವ ಅವನಿಗೆ ತಿಂಡಿ ಕೊಡ್ತಿದ್ದಳು, ಬೇರೆ ತಟ್ಟೆಯಲ್ಲಿ. ಈಗ ಅವನು ಬೆಂಗಳೂರಲ್ಲಿ ಒಳ್ಳೆ ಕಂಪನಿಯಲ್ಲಿ ಮ್ಯಾನೇಜರ್. ಲಿಂಕ್ಡ್‌ಇನ್‌ನಲ್ಲಿ ಅವನ ಸರ್‌ನೇಮ್ ಹೊಸಹಳ್ಳಿ. ಮಗನಿಗೂ ಅದೇ ಇಟ್ಟಿದ್ದಾನೆ.

ಯಾಕೆ ಅಂತ ಒಮ್ಮೆ ಕೇಳಿದ್ದೆ. ‘ಸರ್‌ನೇಮ್ ಕೇಳಿದ ತಕ್ಷಣ ಇನ್ನೊಂದು ಪ್ರಶ್ನೆ ಇಟ್ಟುಕೊಂಡಿರ್ತಾರೆ ಮಗಾ. ಊರು ಅಂದರೆ ಅಲ್ಲಿಗೇ ನಿಂತುಹೋಗುತ್ತೆ’ ಅಂದ. ಊರಿನ ಹೆಸರು ಅವನಿಗೆ ಒಂದು ಬಾಗಿಲು, ಒಳಗಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು. ಊರಲ್ಲಿದ್ದಾಗ ಅವನನ್ನ ಯಾರೂ ಹೊಸಹಳ್ಳಿಯವನು ಅಂದಿರಲಿಲ್ಲ, ಕಾಲೋನಿಯವನು ಅಂತಿದ್ದರು. ಹೊಸಹಳ್ಳಿಯವನಾಗಲು ಅವನು ಹೊಸಹಳ್ಳಿ ಬಿಡಬೇಕಾಯಿತು.

ಅದಾದ ಮೇಲೆ ಪಡುಕೋಣೆಯನ್ನೂ ಬೇರೆ ಥರ ನೋಡತೊಡಗಿದೆ. ಕುಂದಾಪುರದ ಕಡೆಯಿಂದ ಬೊಂಬಾಯಿಗೆ ಹೋದವರು ಸಾವಿರಾರು ಜನ. ಹೋಟೆಲುಗಳಲ್ಲಿ ಲೋಟ ತೊಳೆದವರು, ದೋಣಿಯಲ್ಲಿ ದುಡಿದವರು. ಅವರ ಹೆಸರಿಗೆ ಹೆಚ್ಚಾಗಿ ಊರು ಅಂಟಲಿಲ್ಲ. ಶೆಟ್ಟಿ, ಪೂಜಾರಿ, ದೇವಾಡಿಗ, ಖಾರ್ವಿ ಅಂತಲೇ ಉಳಿದರು. ಗೊತ್ತಿರೋರಿಗೆ ಪಡುಕೋಣೆ, ಕಾರ್ನಾಡ್ ಅಂದರೂ ಸಮುದಾಯ ಗೊತ್ತಾಗುತ್ತೆ ಬಿಡಿ. ಆದರೂ ಊರನ್ನ ಹೆಸರು ಮಾಡಿಕೊಂಡು ಹೊರಡೋಕೆ ಮೊದಲು ಅಕ್ಷರ ಬೇಕಿತ್ತು, ಆಫೀಸಿನ ಕೆಲಸ ಬೇಕಿತ್ತು. ಒಂದು ಊರಿನ ಹೆಸರು ಯಾರ ಜೊತೆ ಪ್ರಯಾಣ ಮಾಡಿತು ಅನ್ನೋದು ಆ ಊರಲ್ಲಿ ಯಾರ ಕೈಯಲ್ಲಿ ಏನಿತ್ತು ಅನ್ನೋದನ್ನೂ ಹೇಳುತ್ತೆ.

ಇದು ನಮ್ಮಲ್ಲಿ ಮಾತ್ರ ಅಲ್ಲ. ಟೀಮು ಎಷ್ಟು ದೊಡ್ಡದಿರಬೇಕು ಅಂತ ಮ್ಯಾನೇಜರುಗಳು ಪಿಪಿಟಿ ಹಾಕಿದಾಗಲೆಲ್ಲ ‘ಡನ್‌ಬಾರ್ ನಂಬರ್’ ಬರುತ್ತಲ್ಲ, ಒಬ್ಬ ಮನುಷ್ಯ ಸುಮಾರು 150 ಜನರ ಜೊತೆ ಮಾತ್ರ ನಿಜವಾದ ಸಂಬಂಧ ಇಟ್ಟುಕೊಳ್ಳಬಲ್ಲ ಅನ್ನೋದು. ಅದನ್ನ ಹೇಳಿದ್ದು ಲಿವರ್‌ಪೂಲ್‌ನಲ್ಲಿ ಹುಟ್ಟಿದ ರಾಬಿನ್ ಡನ್‌ಬಾರ್. ಡನ್‌ಬಾರ್ ಅನ್ನೋದು ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಹಳೇ ಊರು, 1650ರಲ್ಲಿ ಕ್ರಾಮ್‌ವೆಲ್ ಸ್ಕಾಟರನ್ನ ಸೋಲಿಸಿದ ಜಾಗ. ಅದೇ ಹೆಸರು ಅಮೆರಿಕದ ಒಬ್ಬ ಕವಿಗೂ ಇತ್ತು, ಪಾಲ್ ಲಾರೆನ್ಸ್ ಡನ್‌ಬಾರ್. 1872ರಲ್ಲಿ ಒಹಾಯೊದಲ್ಲಿ ಹುಟ್ಟಿದ ಕಪ್ಪು ಕವಿ. ತಂದೆ-ತಾಯಿ ಕೆಂಟಕಿಯಲ್ಲಿ ಗುಲಾಮರಾಗಿದ್ದವರು. ಊರು ಒಂದೇ, ಹೆಸರು ಒಂದೇ. ಆದರೆ ಆ ಹೆಸರು ಒಬ್ಬರ ಮನೆಗೆ ಬಂದ ದಾರಿ ಇನ್ನೊಬ್ಬರ ಮನೆಗೆ ಬಂದ ದಾರಿಯಲ್ಲ.

ಇದಕ್ಕೆಲ್ಲ ಅಪವಾದ ಅನ್ನೋ ಹಾಗೆ ಬಸ್ರೂರಿನ ಒಬ್ಬರಿದ್ದಾರೆ. ಬಸ್ರೂರು ಹಳೇ ಬಂದರು, 1665ರಲ್ಲಿ ಶಿವಾಜಿ ಹಡಗಿನಲ್ಲಿ ಬಂದು ದಾಳಿ ಮಾಡಿದಷ್ಟು ಹಣ ಇದ್ದ ಊರು. ‘ಕೆಜಿಎಫ್’ ಸಂಗೀತ ಮಾಡಿದ ರವಿ ಬಸ್ರೂರು ಅಲ್ಲೇ ಹುಟ್ಟಿದವರು, ಮನೆಯಲ್ಲಿಟ್ಟ ಹೆಸರು ಕಿರಣ್. ಊರ ಹೆಸರನ್ನ ತಾವೇ ಆರಿಸಿ ಇಟ್ಟುಕೊಂಡರು, ಊರಲ್ಲೇ ಸ್ಟುಡಿಯೊ ಮಾಡಿದರು. ಊರಲ್ಲಿ ಇದ್ದೂ ಊರ ಹೆಸರು ಹೊತ್ತವರು ನನಗೆ ಗೊತ್ತಿರೋ ಹಾಗೆ ಬಹಳ ಕಡಿಮೆ.

ಮತ್ತೆ ನಾನಿರೋದು ಕುವೆಂಪುನಗರದಲ್ಲಿ ಅನ್ನೋದನ್ನ ಹೇಳಲೇಬೇಕು. ‘ಕುವೆಂಪು’ ಅನ್ನೋದರ ಮೊದಲ ಅಕ್ಷರವೇ ಒಂದು ಊರು: ಕುಪ್ಪಳಿ. ಅವರು ಹುಟ್ಟಿದ್ದು 1904ರಲ್ಲಿ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ಊರಲ್ಲಿ. ಮೈಸೂರಲ್ಲಿ ಅವರ ಮನೆ ‘ಉದಯರವಿ’ ಇದ್ದಿದ್ದು ಒಂಟಿಕೊಪ್ಪಲಿನ ಕಡೆ, ಇಲ್ಲಲ್ಲ. ಮಲೆನಾಡಿನ ಒಂದು ಮನೆಯಿರೋ ಊರು ಮನುಷ್ಯನ ಹೆಸರಾಗಿ, ಆ ಹೆಸರು ಸಾವಿರಾರು ಮನೆಯಿರೋ ಲೇಔಟಾಗಿ ಮತ್ತೆ ಊರಾಗಿದೆ. ಇಲ್ಲಿ ಉದಯರವಿ ರಸ್ತೆ ಇದೆ, ಪಂಚಮಂತ್ರ ರಸ್ತೆ ಇದೆ, ಅನಿಕೇತನ ರಸ್ತೆಯೂ ಇದೆ. ಅನಿಕೇತನ ಅಂದರೆ ಮನೆಯಿಲ್ಲದವನು. ಆ ರಸ್ತೆಯಲ್ಲಿ ಈಗ ಸೈಟಿನ ರೇಟು ಕೇಳಿದರೆ ನಾವೂ ಅನಿಕೇತನರೇ!

ಆದರೆ ಫಾರಂ ಮುಂದೆ ಕೂತಾಗ ನಾನು ಗಮನಿಸಿದ್ದು ಬೇರೆ. ಕುವೆಂಪು ಅವರ ತಂದೆ ವೆಂಕಟಪ್ಪಗೌಡರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅನ್ನೋ ಹೆಸರಲ್ಲಿ ಊರು ಉಳೀತು, ಅಪ್ಪ ಉಳಿದರು, ಗೌಡ ಉಳಿಯಲಿಲ್ಲ. ಹುಟ್ಟೋ ಮಗು ವಿಶ್ವಮಾನವ ಅಂತ ಹೇಳಿದವರ ಹೆಸರಿನ ಬಡಾವಣೆಯಲ್ಲಿ ಕೂತು ಮಗಳ ಹೆಸರಿಗೆ ಜಾತಿ ಟೈಪ್ ಮಾಡೋಕೆ ನನಗೆ ಕೈ ಬರಲಿಲ್ಲ.

ಗೆಳೆಯನಿಗೆ ಫೋನ್ ಮಾಡಿ, ಹೊಸಹಳ್ಳಿ ಅಂತ ಹಾಕ್ತಿದೀನಿ ಅಂದೆ. ಜೋರಾಗಿ ನಕ್ಕ. ‘ನಿನ್ನ ಮಗಳು, ನನ್ನ ಮಗ ಇಬ್ಬರದ್ದೂ ಒಂದೇ ಸರ್‌ನೇಮ್. ಯಾರಾದ್ರೂ ಅಣ್ಣ ತಂಗಿ ಅಂದುಕೊಳ್ತಾರೆ ಕಣೋ’ ಅಂದ. ಆಮೇಲೆ ಸ್ವಲ್ಪ ತಡೆದು, ‘ನಿಮ್ಮಪ್ಪಂಗೆ ಹೇಳಿದ್ಯಾ?’ ಅಂದ.

ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಆ ಹುಡುಗನೂ ಅದನ್ನೇ ಇಟ್ಕೊಂಡವನಂತಲ್ಲ?’ ಅಂದರು. ಹೂಂ ಅಂದೆ. ಮತ್ತೆ ಸುಮ್ಮನಾದರು. ಆಮೇಲೆ ಬೋರ್‌ವೆಲ್ಲಿನ ಮೋಟಾರು ಸುಟ್ಟುಹೋಗಿರೋ ಸುದ್ದಿ ಹೇಳಿ ಫೋನ್ ಇಟ್ಟರು.

ಪಾಸ್‌ಪೋರ್ಟ್ ಬಂದು ಈಗ ಎರಡು ತಿಂಗಳಾಯಿತು. ಕಾಗದದ ಮೇಲೆ ನಮ್ಮೂರಿನ ಇಬ್ಬರು ಮಕ್ಕಳು ಈಗ ಒಂದೇ ಮನೆತನದವರ ಹಾಗೆ ಇದ್ದಾರೆ. ಕಾಗದ ಅಷ್ಟು ಮಾಡಬಲ್ಲದು. ಜಗಲಿಯಿಂದ ನಡುಮನೆಗೆ ಇರೋ ಆ ಒಂದು ಹೊಸ್ತಿಲನ್ನ ಯಾವ ಫಾರಮ್ಮೂ ದಾಟಿಸಲ್ಲ, ಅದನ್ನ ನಾವೇ ದಾಟಿಸಬೇಕು.

ಈ ಯುಗಾದಿಗೆ ಊರಿಗೆ ಹೊರಟಿದ್ದೀವಿ. ಗೆಳೆಯನ ಮನೆಯವರನ್ನೂ ಊಟಕ್ಕೆ ಕರೆದಿದ್ದೀನಿ, ಎಲ್ಲರೂ ನಡುಮನೆಯಲ್ಲಿ ಒಟ್ಟಿಗೆ ಕೂರೋದು ಅಂತ ಅವ್ವನಿಗೆ ಮೊನ್ನೆ ಫೋನಲ್ಲಿ ಹೇಳಿದೆ. ಪಕ್ಕದಲ್ಲಿ ಅಪ್ಪ ಕೆಮ್ಮಿದ್ದು ಕೇಳಿಸ್ತು. ಅವ್ವ ಬೇರೇನೂ ಕೇಳಲಿಲ್ಲ. ‘ಎಲ್ಲಾ ಸೇರಿ ಎಷ್ಟು ಜನ ಆಗ್ತಾರೆ, ಒಬ್ಬಟ್ಟಿಗೆ ಎಷ್ಟು ಬೇಳೆ ಹಾಕಲಿ ಹೇಳು’ ಅಂದಳು.